15 ದಿನಕ್ಕೆ ಎದೆಯ ಎಲುಬು ಕೂಡುವುದಿಲ್ಲ

ಗೆ,
ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಬೆಂಗಳೂರು
ಅಧಿಕಾರಿಗಳು, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಬೆಂಗಳೂರು
ಜಿಲ್ಲಾ ಆರೋಗ್ಯಾಧಿಕಾರಿಗಳು, ಬಾಗಲಕೋಟೆ ಮತ್ತು ವಿಜಯಪುರ

ಮಾನ್ಯರೇ,

ನಾನು 27 ವರ್ಷ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು. ಅದರಲ್ಲಿ ಕೊನೆಯ 11 ವರ್ಷ ಕಳೆದದ್ದು ಹೃದಯ ಶಸ್ತ್ರಚಿಕಿತ್ಸೆಯ ತೀವ್ರ ನಿಗಾ ಘಟಕದಲ್ಲಿ. ಎದೆ ಸೀಳಿಸಿಕೊಂಡು ಹೊರಬಂದ ನೂರಾರು ಜನರ ಪೈಪು, ಡ್ರೆಸಿಂಗ್, ಕೆಮ್ಮು, ಕಣ್ಣೀರು ಎಲ್ಲವನ್ನೂ ಹತ್ತಿರದಿಂದ ನೋಡಿದ್ದೇನೆ. ಆದರೆ ಅವರು ಮನೆಗೆ ಹೋದ ಮೇಲೆ ಏನಾಗುತ್ತದೆ ಎಂಬುದು ನನಗೆ ತಿಳಿದದ್ದು ಹೋದ ಬೇಸಿಗೆಯಲ್ಲಿ, ನನ್ನ ಸ್ವಂತ ಅಕ್ಕನಿಗೆ ಬೈಪಾಸ್ ಆದಾಗ. ಅಷ್ಟು ವರ್ಷ ಬಿಡುಗಡೆ ಪತ್ರ ಬರೆದು ಕೈಗಿಟ್ಟು "ಹೋಗಿ ಬರ್ರಿ, ಆರಾಮ ಇರ್ರಿ" ಎಂದು ಕಳುಹಿಸುತ್ತಿದ್ದ ನನಗೆ, ಆ ಪತ್ರ ಹಳ್ಳಿಯ ಮನೆಯಲ್ಲಿ ಎಷ್ಟು ಕಡಿಮೆ ಕೆಲಸಕ್ಕೆ ಬರುತ್ತದೆ ಎಂಬುದು ಆಗ ಅರ್ಥವಾಯಿತು.

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಆಯುಷ್ಮಾನ್ ಭಾರತ್ ಯೋಜನೆ ಆಸ್ಪತ್ರೆಗೆ ಸೇರುವ ಮುಂಚಿನ 3 ದಿನ ಮತ್ತು ಬಿಡುಗಡೆಯಾದ ನಂತರದ 15 ದಿನಗಳ ವೆಚ್ಚವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ತೆರೆದ ಹೃದಯ ಶಸ್ತ್ರಚಿಕಿತ್ಸೆಯಾದವರ ಮಟ್ಟಿಗೆ, ಅದರಲ್ಲೂ ತೂಕ ಹೆಚ್ಚಿರುವ ಸಕ್ಕರೆ ಕಾಯಿಲೆಯವರ ಮಟ್ಟಿಗೆ, ಈ 15 ದಿನಗಳನ್ನು 90 ದಿನಗಳಿಗೆ ಏರಿಸಬೇಕು. ಆ 90 ದಿನಗಳ ಆರೈಕೆಗೆ ಬಾಗಲಕೋಟೆ ಮತ್ತು ವಿಜಯಪುರದ ಜಿಲ್ಲಾ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಪ್ರತ್ಯೇಕ ಚಿಕಿತ್ಸಾಲಯ ನಡೆಯಬೇಕು. ಮುಂದೆ ಬರೆಯುವುದೆಲ್ಲ ಇದು ಏಕೆ ಬೇಕು ಎಂಬುದರ ವಿವರಣೆ.

ಬೈಪಾಸ್ ಆಗಲಿ, ಕವಾಟ ಬದಲಿಸುವುದಾಗಲಿ, ಸಾಮಾನ್ಯವಾಗಿ ಎದೆಯ ನಡುವಿನ ಎಲುಬನ್ನು ಮೇಲಿಂದ ಕೆಳಗಿನವರೆಗೆ ಗರಗಸದಿಂದ ಸೀಳಿ, ಕೆಲಸ ಮುಗಿದ ಮೇಲೆ ಉಕ್ಕಿನ ತಂತಿಗಳಿಂದ ಬಿಗಿದು ಕಟ್ಟುತ್ತಾರೆ. ಕೈ ಮುರಿದರೆ ಪ್ಲಾಸ್ಟರ್ ಹಾಕಿ ಅಲುಗಾಡದಂತೆ ಇಡಬಹುದು, ಎದೆಗೆ ಆ ಸೌಲಭ್ಯವಿಲ್ಲ. ಪ್ರತಿ ಉಸಿರಿಗೂ, ಪ್ರತಿ ಕೆಮ್ಮಿಗೂ ಆ ಎಲುಬಿನ ಎರಡು ಹೋಳುಗಳು ಬೇರೆಯಾಗಲು ಎಳೆದಾಡುತ್ತಿರುತ್ತವೆ, ತಂತಿಗಳು ಅವನ್ನು ತಡೆದು ಹಿಡಿದಿರುತ್ತವೆ. ಎಲುಬು ಒಂದು ಹದಕ್ಕೆ ಕೂಡಲು 6ರಿಂದ 8 ವಾರ ಬೇಕು, ಪೂರ್ತಿ ಗಟ್ಟಿಯಾಗಲು 3 ತಿಂಗಳೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಬೈಪಾಸ್ ನಂತರ ಚರ್ಮದ ಮಟ್ಟದಲ್ಲಿ ಆಗುವ ಸೋಂಕನ್ನು 30 ದಿನಗಳವರೆಗೆ, ಆಳದಲ್ಲಿ ಆಗುವ ಸೋಂಕನ್ನು 90 ದಿನಗಳವರೆಗೆ ಆ ಶಸ್ತ್ರಚಿಕಿತ್ಸೆಯ ಲೆಕ್ಕಕ್ಕೇ ಸೇರಿಸುತ್ತದೆ. ನಮ್ಮ ಯೋಜನೆಯ ಗಡಿಯಾರ ಮಾತ್ರ 15ಕ್ಕೇ ನಿಲ್ಲುತ್ತದೆ.

ಅಕ್ಕನಿಗೆ 58 ವರ್ಷ. ಎತ್ತರ 152 ಸೆಂಟಿಮೀಟರ್, ತೂಕ 92 ಕಿಲೋ, ಅಂದರೆ ಎತ್ತರಕ್ಕೆ ತೂಕ ಎಷ್ಟೆಂದು ಅಳೆಯುವ ಬಿಎಂಐ 40ರ ಹತ್ತಿರ. ಭಾರತೀಯರಿಗೆ 25 ದಾಟಿದರೇ ಬೊಜ್ಜು ಎಂದು ನಮ್ಮ ತಜ್ಞರು 2009ರಲ್ಲಿಯೇ ಗೆರೆ ಎಳೆದಿದ್ದಾರೆ, ಹಾಗಿರುವಾಗ 40 ಎಂಬುದು ಸಣ್ಣ ಅಂಕಿಯಲ್ಲ. ಜೊತೆಗೆ 14 ವರ್ಷದ ಸಕ್ಕರೆ ಕಾಯಿಲೆ. ಶಸ್ತ್ರಚಿಕಿತ್ಸೆ ನಡೆದದ್ದು ನಮ್ಮ ಹಳ್ಳಿಯಿಂದ ನಾಲ್ಕು ತಾಸಿನ ದಾರಿಯಲ್ಲಿರುವ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ. ಅಲ್ಲಿನವರ ಕೈಚಳಕದ ಬಗ್ಗೆ ನನ್ನದು ಯಾವ ದೂರೂ ಇಲ್ಲ. ಒಂಬತ್ತನೆಯ ದಿನ ಮನೆಗೆ ಕಳುಹಿಸಿದರು. ಗಾಯ ಒಣಗಿತ್ತು, ಜ್ವರವಿರಲಿಲ್ಲ, ಅಕ್ಕ ತಾನಾಗಿಯೇ ನಡೆದು ಜೀಪು ಹತ್ತಿದಳು.

ಮನೆಗೆ ಬಂದ ಹದಿನೇಳನೆಯ ದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಅಕ್ಕ ಮೆಲ್ಲಗೆ, "ನಿನ್ನೆಯಿಂದ ಕೆಮ್ಮಿದರ ಎದಿಯಾಗ ಏನೋ ಕಟಕ್ ಅಂತೈತಿ ನೋಡವಾ" ಎಂದಳು. ನಾನು ಅಂಗೈಯನ್ನು ಗಾಯದ ಮೇಲೆ ಮೆತ್ತಗೆ ಇಟ್ಟು ಕೆಮ್ಮಲು ಹೇಳಿದೆ. ಅಂಗೈಯ ಕೆಳಗೆ ಎಲುಬಿನ ಎರಡು ಅಂಚುಗಳು ಒಂದರ ಮೇಲೊಂದು ಜಾರಿದ್ದು ಸ್ಪಷ್ಟವಾಗಿ ತಿಳಿಯಿತು. ಮರುದಿನ ಗಾಯದ ಕೆಳತುದಿಯಲ್ಲಿ, ಸ್ತನಗಳ ನಡುವೆ ಬೆವರು ನಿಲ್ಲುವ ಜಾಗದಲ್ಲಿ, ತಿಳಿನೀರಿನಂಥ ದ್ರವ ಒಸರತೊಡಗಿತು. ಕೀವಿನ ವಾಸನೆ ಇನ್ನೂ ಇರಲಿಲ್ಲ. ಈ ಕೆಲಸ ಮಾಡಿ ಬಂದವಳಾದ್ದರಿಂದ ನನಗೆ ಇದು ಗಾಬರಿಯಾಗುವ ಲಕ್ಷಣ ಎಂದು ಗೊತ್ತಿತ್ತು. ಪಕ್ಕದ ಮನೆಯವರಿಗಾಗಿದ್ದರೆ "ಹೊಲಿಗಿ ಒಣಗಾಕತ್ತೈತಿ, ಅದಕ್ಕ ಸಪ್ಪಳ ಬರ್ತೈತಿ" ಎಂದು ಅರಿಷಿಣ ಹಚ್ಚಿ ಸುಮ್ಮನಾಗುತ್ತಿದ್ದರು.

ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿದ್ದ ಹುಡುಗಿ ಒಳ್ಳೆಯವಳು, ಕೈ ತೊಳೆದುಕೊಂಡೇ ಬಂದಳು. ಆದರೆ ಹೃದಯ ಶಸ್ತ್ರಚಿಕಿತ್ಸೆಯ ಗಾಯವನ್ನು ಅವಳು ಹಿಂದೆ ನೋಡಿಯೇ ಇರಲಿಲ್ಲ. ಮುಟ್ಟಲು ಹೆದರಿದಳು, ಹೆದರಿದ್ದು ಸರಿಯೂ ಹೌದು. ಮೇಲೆ ಹತ್ತಿ ಇಟ್ಟು ಪಟ್ಟಿ ಅಂಟಿಸಿ, "ಆಪರೇಶನ್ ಮಾಡಿದಲ್ಲೇ ತೋರಿಸ್ರಿ" ಎಂದಳು. ಆಪರೇಶನ್ ಮಾಡಿದಲ್ಲಿಗೆ ಫೋನ್ ಮಾಡಿದರೆ ಹೊರರೋಗಿ ವಿಭಾಗಕ್ಕೆ ಬನ್ನಿ ಎಂದರು, 15 ದಿನ ಮುಗಿದಿರುವುದರಿಂದ ಔಷಧಿ, ಡ್ರೆಸಿಂಗ್ ಎಲ್ಲ ನಿಮ್ಮ ಖರ್ಚು ಎಂದರು. ಹೋಗುವ ಬರುವ ಜೀಪು ಬಾಡಿಗೆ ಹೊಂದಿಸುವುದರಲ್ಲಿ ನಾಲ್ಕು ದಿನ ಕಳೆದವು. ಕೊನೆಗೆ ಮತ್ತೆ ದಾಖಲಾದಾಗ ಕೆಳಗಿನ ಎರಡು ತಂತಿಗಳು ಎಲುಬನ್ನು ಕೊರೆದು ಸಡಿಲಾಗಿದ್ದವು, ಸೋಂಕು ಎಲುಬಿನವರೆಗೆ ಇಳಿದಿತ್ತು. ಸತ್ತ ಅಂಗಾಂಶ ಕೆರೆದು ತೆಗೆದು, ಗಾಯಕ್ಕೆ ಸ್ಪಂಜು ತುಂಬಿ, ಯಂತ್ರದಿಂದ ನಿರಂತರವಾಗಿ ಹೀರುವ ನಿರ್ವಾತ ಡ್ರೆಸಿಂಗ್ ಹಾಕಿ, ಕೊನೆಗೆ ಎದೆಯ ಸ್ನಾಯುವನ್ನೇ ತಿರುಗಿಸಿ ತಂದು ಮುಚ್ಚಿದರು. 26 ದಿನ ಹಿಡಿಯಿತು. ಆ ಮರುದಾಖಲಾತಿಗೆ ಯೋಜನೆಯಲ್ಲಿಯೇ ಒಪ್ಪಿಗೆ ಸಿಕ್ಕಿತು, ಅದನ್ನು ನಾನು ಮರೆಯಲಾರೆ. ನನ್ನ ಪ್ರಶ್ನೆ ಇಷ್ಟೇ: ಹದಿನೇಳನೆಯ ದಿನ ಒಂದು ನುರಿತ ಕೈ ಆ ಗಾಯವನ್ನು ನೋಡಿದ್ದರೆ ಆಗುತ್ತಿದ್ದ ಖರ್ಚೆಷ್ಟು, ನಂತರದ 26 ದಿನಗಳಿಗೆ ಸರಕಾರವೇ ಭರಿಸಿದ ಖರ್ಚೆಷ್ಟು?

ಇಂಥ ಆಳದ ಸೋಂಕು ಎಲ್ಲರಿಗೂ ಆಗುವಂಥದ್ದಲ್ಲ, ಒಟ್ಟು ರೋಗಿಗಳಲ್ಲಿ ನೂರಕ್ಕೆ ಒಬ್ಬರಿಂದ ಮೂವರಿಗೆ ಆಗುತ್ತದೆ. ಆದರೆ ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಎರಡೂ ಇರುವವರಲ್ಲಿ ಅದರ ಭಯ ಹೆಚ್ಚು, ಅದಕ್ಕೆ ಕಾರಣಗಳೂ ಸ್ಪಷ್ಟವಾಗಿವೆ. ಕೊಬ್ಬಿನ ಪದರಕ್ಕೆ ರಕ್ತದ ಹರಿವು ಕಡಿಮೆ, ಹಾಗಾಗಿ ಪ್ರತಿಜೀವಕ ಔಷಧವೂ ಅಲ್ಲಿಗೆ ತೆಳ್ಳಗಿನ ಮೈಯಲ್ಲಿ ತಲುಪುವಷ್ಟು ತಲುಪುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಸೆಫಾಜೋಲಿನ್ ಎಂಬ ಪ್ರತಿಜೀವಕ ಸಾಮಾನ್ಯವಾಗಿ 2 ಗ್ರಾಂ ಇದ್ದರೆ, 120 ಕಿಲೋ ದಾಟಿದವರಿಗೆ 3 ಗ್ರಾಂ ಕೊಡಬೇಕೆಂಬ ನಿಯಮ ಬಂದದ್ದು ಇದೇ ಕಾರಣಕ್ಕೆ. ಮಡಿಕೆ ಬಿದ್ದ ಚರ್ಮದ ಸಂದಿಯಲ್ಲಿ ತೇವ ಆರುವುದಿಲ್ಲ, ಏಪ್ರಿಲ್ ತಿಂಗಳಿನ ನಮ್ಮ ಬಿಸಿಲಿನಲ್ಲಿ, ಕರೆಂಟಿಲ್ಲದ ಮಧ್ಯಾಹ್ನಗಳಲ್ಲಿ ಅದು ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಹೆಂಗಸರಲ್ಲಿ ಭಾರವಾದ ಸ್ತನಗಳು ಎರಡೂ ಬದಿಗೆ ಜಗ್ಗಿ ಹೊಲಿಗೆಯ ಕೆಳತುದಿಯನ್ನು ಹಗಲು ರಾತ್ರಿ ಎಳೆಯುತ್ತವೆ. ರಕ್ತದ ಸಕ್ಕರೆ 180 ದಾಟಿ ನಿಂತರೆ ಸೋಂಕನ್ನು ತಡೆಯುವ ಮೈಯ ಶಕ್ತಿಯೇ ಕುಗ್ಗುತ್ತದೆ. ಬೈಪಾಸಿಗೆ ರಕ್ತನಾಳ ತೆಗೆದ ಕಾಲಿನ ಗಾಯದ್ದೂ ಇದೇ ಕತೆ, ಬಾವು ಬಂದು ಒಸರುತ್ತಲೇ ಇರುತ್ತದೆ, ಎದೆಯ ಗಾಯದ ಚಿಂತೆಯಲ್ಲಿ ಅದನ್ನು ಯಾರೂ ನೋಡುವುದಿಲ್ಲ.

ಗಾಯದ ಹೊರತಾಗಿ ಬೇರೆ ತೊಡಕುಗಳೂ ಇವೆ. ಮಲಗಿದಾಗ ಹೊಟ್ಟೆಯ ಭಾರ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಾದ ವಪೆಯನ್ನು ಮೇಲಕ್ಕೆ ತಳ್ಳುವುದರಿಂದ ಶ್ವಾಸಕೋಶದ ಕೆಳಭಾಗ ಮುದುಡಿಕೊಂಡು ಕಫ ನಿಲ್ಲುತ್ತದೆ, ನ್ಯುಮೋನಿಯಾಕ್ಕೆ ಅದೇ ದಾರಿ. ಜೋರಾಗಿ ಗೊರಕೆ ಹೊಡೆಯುವವರಿಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ ಇದ್ದರೆ ವೆಂಟಿಲೇಟರ್ ಬಿಡಿಸುವುದೇ ತಡವಾಗುತ್ತದೆ. ಗೊರಕೆ ಎಂದರೆ ಒಳ್ಳೆಯ ನಿದ್ದೆ ಎಂದು ತಿಳಿದ ನಾಡಿನಲ್ಲಿ ಅದನ್ನು ವೈದ್ಯರಿಗೆ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಹೃದಯದ ಬಡಿತ ತಾಳ ತಪ್ಪುವುದು ಬೈಪಾಸ್ ಆದವರಲ್ಲಿ ಸಾಮಾನ್ಯ, ಬೊಜ್ಜು ಇರುವವರಲ್ಲಿ ಇನ್ನೂ ಹೆಚ್ಚು. ಮೂತ್ರಪಿಂಡದ ತೊಂದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಸಹ ಉಂಟು. ಇವುಗಳಲ್ಲಿ ಹೆಚ್ಚಿನವು ಆಸ್ಪತ್ರೆಯಲ್ಲಿದ್ದಾಗಲೇ ಕಾಣಿಸಿಕೊಳ್ಳುವುದರಿಂದ ಅವನ್ನು ನೋಡಿಕೊಳ್ಳುವವರು ಅಲ್ಲಿಯೇ ಇರುತ್ತಾರೆ. ನನ್ನ ಚಿಂತೆ ಮನೆಯ ಹೊಸ್ತಿಲು ದಾಟಿದ ಮೇಲಿನದು.

ಇಲ್ಲೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಇದನ್ನೆಲ್ಲ ಓದಿ, ದಪ್ಪಗಿರುವವರು ಶಸ್ತ್ರಚಿಕಿತ್ಸೆಗೇ ಹೆದರಬೇಕು ಎಂದು ಯಾರೂ ತಿಳಿಯಬಾರದು. ಸಾಧಾರಣ ಬೊಜ್ಜು ಇರುವವರು ಶಸ್ತ್ರಚಿಕಿತ್ಸೆಯಲ್ಲಿ ಸಾಯುವ ಸಂಭವ ಉಳಿದವರಿಗಿಂತ ಹೆಚ್ಚೇನೂ ಇಲ್ಲ, ಮೂಳೆ ಚಕ್ಕಳವಾದವರಿಗಿಂತ ಅವರೇ ಎಷ್ಟೋ ಸಲ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ವೈದ್ಯಲೋಕ ಬಹಳ ಕಾಲದಿಂದ ಗಮನಿಸಿದೆ. ಅವರು ಬದುಕುತ್ತಾರೆ, ಆದರೆ ಗಾಯ ಮಾಯಲು ಹೆಚ್ಚು ಹೊತ್ತು, ಹೆಚ್ಚು ಕೈಗಳು ಬೇಕು. ಹೀಗಿರುವಾಗ ವಾರ್ಡಿನ ಸುತ್ತಿನಲ್ಲಿ ಕಿರಿಯ ವೈದ್ಯರೊಬ್ಬರು ಅಕ್ಕನ ಮುಂದೆಯೇ, "ತೂಕ ನೋಡ್ರಿ, ಮತ್ತೇನಾಗ್ತದ?" ಎಂದದ್ದು ನನಗೆ ಈಗಲೂ ಚುಚ್ಚುತ್ತದೆ. ಸೊಂಟನೋವು, ಥೈರಾಯ್ಡ್, ನಾಲ್ಕು ಹೆರಿಗೆ, 14 ವರ್ಷದ ಔಷಧಿ ಇವೆಲ್ಲದರ ನಡುವೆ ಏರಿದ ತೂಕವದು. ಅವಳು ತನ್ನ ಜೀವಮಾನದಲ್ಲಿ ಕೂತು ಉಂಡವಳಲ್ಲ, ಮೂವತ್ತು ವರ್ಷ ಮಗ್ಗದ ಮನೆಗೆ ನೂಲಿನ ಕಂಡಕಿ ಸುತ್ತಿ ಕೊಟ್ಟವಳು.

ಈಗ ಮನೆಯ ವಿಷಯ. ಬಿಡುಗಡೆ ಪತ್ರದಲ್ಲಿ, ಅದೂ ಇಂಗ್ಲಿಷಿನಲ್ಲಿ, ಕೈಯೂರಿ ಏಳಬಾರದು, ಭಾರ ಎತ್ತಬಾರದು ಎಂದು ಬರೆದಿತ್ತು. ನಮ್ಮ ಮನೆಗಳಲ್ಲಿ ನೆಲದ ಮೇಲೆ ಹಾಸಿಗೆ, ನೆಲದ ಮಟ್ಟದ ಕಕ್ಕಸು. 92 ಕಿಲೋ ತೂಕದ ಹೆಂಗಸು ಎರಡೂ ಕೈಗಳನ್ನು ನೆಲಕ್ಕೋ ಗೋಡೆಗೋ ಊರದೆ ಕಕ್ಕಸಿನಿಂದ ಏಳುವುದು ಹೇಗೆ? ಪ್ರತಿ ಸಲ ಏಳುವಾಗಲೂ ಆ ಭಾರವೆಲ್ಲ ತೋಳಿನ ಮೂಲಕ ಹೊಸದಾಗಿ ಕಟ್ಟಿದ ಎಲುಬಿನ ಮೇಲೆಯೇ ಬೀಳುತ್ತದೆ. ಅಕ್ಕನ ತಂತಿ ಸಡಿಲಾದದ್ದು ಅಲ್ಲಿಯೇ ಎಂಬುದು ನನ್ನ ಬಲವಾದ ಗುಮಾನಿ. ನಡುವೆ ತೂತಿರುವ ಕುರ್ಚಿ ಮತ್ತು ತಲೆಯ ಕಡೆ ಎತ್ತರಿಸಿದ ಒಂದು ಮಂಚ ಮೊದಲ ದಿನದಿಂದಲೇ ಇದ್ದಿದ್ದರೆ ಅವಳ ಕತೆ ಬೇರೆಯಾಗಿರುತ್ತಿತ್ತೇನೋ. ಮೂರು ತಿಂಗಳ ಮಟ್ಟಿಗೆ ಇವನ್ನು ಎರವಲು ಕೊಟ್ಟು ಹಿಂದೆ ಪಡೆಯುವ ವ್ಯವಸ್ಥೆ ಜಿಲ್ಲಾ ಆಸ್ಪತ್ರೆಗೆ ದೊಡ್ಡ ಹೊರೆಯೇನೂ ಅಲ್ಲ.

ಊಟದ ವಿಷಯದಲ್ಲಿ ಎರಡು ತುದಿಯ ತಪ್ಪುಗಳನ್ನು ಕಂಡೆ. ನೋಡಲು ಬಂದ ಬೀಗರೆಲ್ಲ ಶಕ್ತಿ ಬರಲಿ ಎಂದು ಅಮೀನಗಡದ ಕರದಂಟು ತಂದರು. ಅಳಿಯ ಮಾತ್ರ ಮೊಬೈಲಿನಲ್ಲಿ ಏನೋ ನೋಡಿ, ತೂಕ ಇಳಿಯಲಿ ಎಂದು ದಿನಕ್ಕೆ ಒಂದೇ ರೊಟ್ಟಿ, ಬರೀ ಸೌತೆಕಾಯಿ ಎಂದು ಹಟ ಹಿಡಿದ. ಗಾಯ ಮಾಯುವ ಮೊದಲ ಆರೆಂಟು ವಾರ ತೂಕ ಇಳಿಸುವ ಕಾಲವಲ್ಲ, ಆಗ ಮೈಗೆ ಪ್ರೋಟೀನು ಬೇಕು: ಜೋಳದ ರೊಟ್ಟಿಯ ಜೊತೆ ಮಡಿಕೆಕಾಳಿನ ಪಲ್ಯ, ಹೆಸರುಬೇಳೆ, ಮಜ್ಜಿಗೆ, ತಿನ್ನುವವರಾದರೆ ತತ್ತಿ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಭಜಿ ಬೇಡ. ತೂಕ ಇಳಿಸುವ ಕೆಲಸ ಆಮೇಲೆ, ನಡಿಗೆ ಅರ್ಧ ತಾಸಿಗೆ ಏರಿದ ಮೇಲೆ, ವೈದ್ಯರ ಮಾತು ಕೇಳಿ ನಿಧಾನವಾಗಿ ಆಗಬೇಕು. ಆದರೆ ಮನೆಯಲ್ಲಿ ಒಂದು ತೂಕದ ಯಂತ್ರ ಇರಲೇಬೇಕು. ಒಂದೆರಡು ದಿನದಲ್ಲಿ ಒಂದೂವರೆ ಎರಡು ಕಿಲೋ ಏರಿ, ಕಾಲು ಬಾತು, ಮಲಗಿದರೆ ದಮ್ಮು ಬಂದರೆ ಅದು ಊಟದಿಂದ ಬಂದ ತೂಕವಲ್ಲ, ಮೈಯಲ್ಲಿ ನೀರು ತುಂಬುತ್ತಿದೆ ಎಂದರ್ಥ. ಕೂಡಲೇ ವೈದ್ಯರ ಹತ್ತಿರ ಓಡಬೇಕು.

ಇನ್ನೊಂದು ಸಣ್ಣ ಸಂಗತಿ, ಆದರೆ ನಾನು ಸಣ್ಣದೆಂದು ಬಿಡಲು ಸಿದ್ಧಳಿಲ್ಲ. ಬಿಪಿ ನೋಡಲು ತೋಳಿಗೆ ಸುತ್ತುವ ಪಟ್ಟಿ. ಅಕ್ಕನ ತೋಳಿನ ಸುತ್ತಳತೆ 38 ಸೆಂಟಿಮೀಟರ್. ನಾವು ಹೋದ ಕಡೆಯೆಲ್ಲ ಇದ್ದದ್ದು ಸಾಮಾನ್ಯ ಅಳತೆಯ ಪಟ್ಟಿ. ಗಾಳಿ ತುಂಬುತ್ತಿದ್ದಂತೆ ಅದರ ಅಂಟು ಪರ್ ಎಂದು ಬಿಚ್ಚಿಕೊಳ್ಳುತ್ತಿತ್ತು, ಮೇಲೆ ಕೈಯಿಟ್ಟು ಒತ್ತಿ ಹಿಡಿದು ನೋಡಿದರೆ 170 ತೋರಿಸುತ್ತಿತ್ತು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಒತ್ತಡ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ ಎಂಬುದು ಶುಶ್ರೂಷಾ ತರಬೇತಿಯ ಮೊದಲ ವರ್ಷದ ಪಾಠ. ಆ ಸುಳ್ಳು 170ನ್ನು ನಂಬಿ ಒಂದು ಮಾತ್ರೆ ಹೆಚ್ಚಿಸಿದರು, ಎರಡು ದಿನ ಬಿಟ್ಟು ಅಕ್ಕ ಬಚ್ಚಲಿನಲ್ಲಿ ತಲೆ ತಿರುಗಿ ಕೂತಳು. ದೊಡ್ಡ ಅಳತೆಯ ಪಟ್ಟಿ ತಂದು ನೋಡಿದಾಗ ಇದ್ದದ್ದು 128. ಮನೆ ಬಾಗಿಲಿಗೆ ಹೋಗಿ ಬಿಪಿ, ಸಕ್ಕರೆ ನೋಡುವ ಕೆಲಸವನ್ನು ಇಲಾಖೆ ಕೈಗೆತ್ತಿಕೊಂಡಿರುವುದು ಸಂತೋಷದ ಸಂಗತಿ, ಆ ಚೀಲಗಳಲ್ಲಿ ದೊಡ್ಡ ಪಟ್ಟಿಯೂ ಒಂದು ಇರಲಿ.

ಚಿಕಿತ್ಸಾಲಯ ಹೇಗಿರಬೇಕು ಎಂಬುದರ ಬಗ್ಗೆ ನನ್ನ ಕಲ್ಪನೆ ದೊಡ್ಡದೇನಲ್ಲ. ಎರಡೂ ಜಿಲ್ಲೆಗಳ ರೋಗಿಗಳು ಶಸ್ತ್ರಚಿಕಿತ್ಸೆಗೆ ಬೆಳಗಾವಿ, ಕಲಬುರಗಿ, ಬೆಂಗಳೂರು ಎಂದು ಚದುರಿ ಹೋಗುತ್ತಾರೆ, ಗಡಿಯ ಕಡೆಯವರು ಸೊಲ್ಲಾಪುರ, ಮಿರಜಕ್ಕೂ ಹೋಗುತ್ತಾರೆ. ಎಲ್ಲಿ ಮಾಡಿಸಿಕೊಂಡರೂ ಮಾಯಬೇಕಾದದ್ದು ಇಲ್ಲಿಯೇ. ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಒಬ್ಬ ಶಸ್ತ್ರಚಿಕಿತ್ಸಕರು, ಹೃದಯ ಘಟಕದಲ್ಲಿ ಒಂದು ತಿಂಗಳು ತರಬೇತಿ ಪಡೆದ ಇಬ್ಬರು ಶುಶ್ರೂಷಕಿಯರು, ಒಬ್ಬ ಫಿಸಿಯೋಥೆರಪಿಸ್ಟ್ ಕೂತರೆ ಸಾಕು. ಅನುಮಾನ ಬಂದರೆ ಗಾಯದ ಚಿತ್ರ ತೆಗೆದು ಮೂಲ ಆಸ್ಪತ್ರೆಯವರಿಗೆ ಆಗಲೇ ಕಳುಹಿಸಬೇಕು. ಹೃದಯಾಘಾತವಾದವರ ಇಸಿಜಿಯನ್ನು ತಾಲೂಕು ಆಸ್ಪತ್ರೆಯಿಂದ ದೂರದ ತಜ್ಞರಿಗೆ ಕಳುಹಿಸಿ ಸಲಹೆ ಪಡೆಯುವ ವ್ಯವಸ್ಥೆಯನ್ನು ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ನೀವೇ ಕಟ್ಟಿದ್ದೀರಿ, ಅದೇ ದಾರಿಯಲ್ಲಿ ಒಂದು ಗಾಯದ ಚಿತ್ರ ಹೋಗಲಾರದೆ? ಬಿಡುಗಡೆ ಪತ್ರದ ಜೊತೆ ಕನ್ನಡದಲ್ಲಿ ಒಂದು ಪುಟ ಇರಲಿ: ಎದೆಯಲ್ಲಿ ಕಟಕ್ ಎಂದರೆ, ಗಾಯ ಒಸರಿದರೆ, ಜ್ವರ ಬಂದರೆ, ತೂಕ ಏರಿದರೆ ಎಲ್ಲಿಗೆ, ಯಾವ ನಂಬರಿಗೆ ಎಂದು. ಅದರ ಪ್ರತಿ ಆ ಊರಿನ ಆಶಾ ಕಾರ್ಯಕರ್ತೆಗೂ ತಲುಪಲಿ. ಹಣವಿಲ್ಲವೆಂದು ಇವೆಲ್ಲದರಲ್ಲಿ ಒಂದನ್ನೇ ಮಾಡುವುದಾದರೆ, 15ನ್ನು 90 ಮಾಡುವುದನ್ನು ಮೊದಲು ಮಾಡಿ.

ಕೊನೆಯದಾಗಿ ಒಂದು ಲಗತ್ತಿನ ಬಗ್ಗೆ. ಎದೆಗೆ ಕಟ್ಟುವ ಬೈಂಡರನ್ನು ಅಂಗಡಿಯಲ್ಲಿ ಕೇಳಿದರೆ ಅಕ್ಕನ ಅಳತೆಯದು ಸಿಗಲಿಲ್ಲ. ಸಿಕ್ಕಿದ್ದು ಸ್ತನಗಳನ್ನು ಒತ್ತಿ ಉಸಿರುಗಟ್ಟಿಸುತ್ತಿತ್ತೇ ಹೊರತು ಆಧಾರ ಕೊಡುತ್ತಿರಲಿಲ್ಲ. ಎರಡನೆಯ ಸಲ ಮನೆಗೆ ಬಂದಾಗ ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿಯುತ್ತಿದ್ದ ಹಿರಿಯ ದರ್ಜಿಯೊಬ್ಬರನ್ನು ಕೂರಿಸಿಕೊಂಡು ಸಮಸ್ಯೆ ವಿವರಿಸಿದೆ. ಅವರು ನಮ್ಮ ಅಜ್ಜಿಯರು ಉಡುತ್ತಿದ್ದ, ಮುಂದೆ ಗಂಟು ಹಾಕುವ ಕುಪ್ಪಸವನ್ನೇ ಮೆತ್ತನೆಯ ಹತ್ತಿಬಟ್ಟೆಯಲ್ಲಿ, ಅಗಲವಾದ ಹೆಗಲಪಟ್ಟಿ ಮತ್ತು ಸ್ತನದ ಕೆಳಗೆ ನಾಲ್ಕು ಬೆರಳಗಲದ ಪಟ್ಟಿ ಕೂಡಿಸಿ ಹೊಲಿದುಕೊಟ್ಟರು. ಗಂಟು ಗಾಯದ ಮೇಲೆ ಬೀಳದಂತೆ ಸ್ವಲ್ಪ ಎಡಕ್ಕೆ ಸರಿಸಿದ್ದಾರೆ. ತೋಳು ಮೇಲೆತ್ತದೆ ತೊಡಬಹುದು, ಡ್ರೆಸಿಂಗ್ ಮಾಡುವಾಗ ಪೂರ್ತಿ ಕಳಚಬೇಕಿಲ್ಲ. ಒಂದಕ್ಕೆ ಬಿದ್ದ ಖರ್ಚು 240 ರೂಪಾಯಿ. ಅಕ್ಕ ಮೂರು ತಿಂಗಳು ಹಗಲೂ ರಾತ್ರಿ ಅದನ್ನೇ ತೊಟ್ಟಳು, ಈಗ ಕೆರೆಯ ಏರಿಯವರೆಗೆ ನಡೆದು ಬರುತ್ತಾಳೆ. ಆ ಕುಪ್ಪಸದ ಮೂರು ಅಳತೆಗಳ ಕಾಗದದ ಮಾದರಿಗಳನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಚಿಕಿತ್ಸಾಲಯ ಯಾವ ವಾರ ಎಂದು ತಿಳಿಸಿದರೆ ಡ್ರೆಸಿಂಗ್ ಕಲಿಸಿಕೊಡಲು ನಾನು ಸಂಬಳವಿಲ್ಲದೆ ಬರುತ್ತೇನೆ. ಮಂಗಳವಾರ ಮಾತ್ರ ಬೇಡ, ಅಂದು ಅಕ್ಕನ ಸಕ್ಕರೆ ಪರೀಕ್ಷೆ ಇರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ
ಬಾಗಲಕೋಟೆ ಜಿಲ್ಲೆ